ಹಂಡೆಯ ಒಲೆಯ ಹಿಂದೆ ಇಟ್ಟ ಕಪ್ಪು ಬಿಯರ್

ನಾನು ಹುಟ್ಟು ಪುಕ್ಕಲಿ. ನಾರಾವಿಯ ತವರುಮನೆಯಲ್ಲಿ ಯಾರಾದರೂ ಜೋರಾಗಿ ಕೆಮ್ಮಿದರೆ ಸಾಕು, ಕೈಯಲ್ಲಿದ್ದ ಲೋಟ ಕೆಳಗೆ ಬೀಳುತ್ತಿತ್ತು. ಮದುವೆಯಾಗಿ ಮೂಡಬಿದಿರೆಗೆ ಹೊರಟಾಗ, ಇವಳು ಅತ್ತೆಯ ನೆರಳು ಕಂಡೇ ಓಡಿ ಬರುತ್ತಾಳೆ ಎಂದು ಅಣ್ಣಂದಿರು ಬಾಜಿ ಕಟ್ಟಿದ್ದರಂತೆ. ಓಡಿ ಹೋಗಲಿಲ್ಲ. ಆದರೆ ಮದುವೆಯಾದ ಮೂರನೆಯ ವರ್ಷದ ಬೇಸಗೆಯಲ್ಲಿ ಆರು ದಿನ ನಾನು ಹೆದರಿದಷ್ಟು ಮುಂದೆ ಎರಡು ಹೆರಿಗೆಗಳಲ್ಲೂ ಹೆದರಲಿಲ್ಲ. ಕಾರಣ ಎರಡು ಬಾಟಲಿ ಬಿಯರ್.

ಜೈನರ ಮನೆಯಲ್ಲಿ ಬಿಯರ್ ಎಂದರೆ ಈಗಿನವರೂ ಹುಬ್ಬೇರಿಸುತ್ತಾರೆ. ಆಗಿನ ಮಾತು ಬೇರೆಯೇ. ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಸರಕಾರ ಬದಲಾಗಿತ್ತು, ಪಾನನಿರೋಧದ ಕಾಯಿದೆ ಮಾತ್ರ ಹಾಗೆಯೇ ಉಳಿದಿತ್ತು. ಪಾಣೆಮಂಗಳೂರಿನ ಸೇತುವೆಯ ಹತ್ತಿರ ಬಸ್ಸು ನಿಲ್ಲಿಸಿ ಚೀಲ ಮೂಸಿ ನೋಡುತ್ತಿದ್ದರು. ಶಿರ್ತಾಡಿಯ ಕಡೆಯ ಒಬ್ಬನನ್ನು ಒಂದು ಗಡಿಗೆ ಕಳ್ಳಿನ ಜೊತೆಗೆ ಹಿಡಿದು, ಅವನದೇ ಹೆಗಲ ಬೈರಾಸಿನಿಂದ ಕೈ ಕಟ್ಟಿ, ನಮ್ಮ ಬೀದಿಯಲ್ಲೇ ನಡೆಸಿಕೊಂಡು ಹೋದದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅವನು ತಲೆ ಎತ್ತಿರಲಿಲ್ಲ. ಅವನ ಹಿಂದೆ ಹೆಂಡತಿ ಗಡಿಗೆಯ ಮುಚ್ಚಳ ಹಿಡಿದುಕೊಂಡು ಓಡುತ್ತಿದ್ದಳು, ಅದನ್ನೇಕೆ ಹಿಡಿದಿದ್ದಳೋ ಅವಳಿಗೂ ಗೊತ್ತಿರಲಿಕ್ಕಿಲ್ಲ.

ನಮ್ಮವರು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಮೇಲಾಗಿ ಹಳೆಗನ್ನಡವೆಂದರೆ ಪ್ರಾಣ. ಹಾಗಾಗಿಯೇ ತಾಳೆಗರಿ ಓದಲಿಕ್ಕೆಂದು ಜರ್ಮನಿಯಿಂದ ಬಂದ ಪಂಡಿತರೊಬ್ಬರಿಗೆ ಇವರು ಜೊತೆಗಾರರಾದರು. ಶಾಲೆ ಬಿಟ್ಟೊಡನೆ ಅವರ ಬಿಡಾರಕ್ಕೆ ಹೋಗಿ ಇಬ್ಬರೂ ಕತ್ತಲಾಗುವ ತನಕ ಗರಿಗಳ ಮೇಲೆ ಬಗ್ಗಿ ಕೂರುತ್ತಿದ್ದರು.

ಪಂಡಿತರು ಕನ್ನಡ ಕಲಿತದ್ದು ಪುಸ್ತಕದಿಂದ, ಅದೂ ಸಾವಿರ ವರ್ಷ ಹಳೆಯ ಪುಸ್ತಕಗಳಿಂದ. ಪೇಟೆಯಲ್ಲಿ ನಿಂತು "ಬಾಳೆಯ ಪಣ್ಣಂ ತನ್ನಿಂ" ಎನ್ನುತ್ತಿದ್ದರು. ಅಂಗಡಿಯವರು ಇದು ಜರ್ಮನ್ ಭಾಷೆ ಎಂದು ತಿಳಿದು ತುಳುವಿನಲ್ಲಿ ಉತ್ತರ ಕೊಡುತ್ತಿದ್ದರು. ಭಾನುವಾರ ನಮ್ಮ ಮನೆಯಲ್ಲಿ ಊಟ. ಸೂರ್ಯ ಮುಳುಗುವ ಮೊದಲೇ ಬಂದು, ಕಾಲು ತೊಳೆದು, ಅತ್ತೆ ಹಾಕಿದ ಮಣೆಯ ಮೇಲೆ ಕಷ್ಟಪಟ್ಟು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಒಳ್ಳೆಯ ಮನುಷ್ಯ. ನಮ್ಮ ಧರ್ಮದ ಗ್ರಂಥಗಳನ್ನು ಕರತಲಾಮಲಕ ಮಾಡಿಕೊಂಡಿದ್ದರು. ಗ್ರಂಥದಲ್ಲಿ ಇದ್ದದ್ದು ಅಡುಗೆಮನೆಯಲ್ಲೂ ಇರುತ್ತದೆ ಎಂಬುದಷ್ಟೇ ಅವರಿಗೆ ಹೊಳೆದಿರಲಿಲ್ಲ ಎಂದು ನನಗೆ ಈಗ ಅನಿಸುತ್ತದೆ.

ಊಟವಾದ ಮೇಲೆ ಚಾವಡಿಯಲ್ಲಿ ಕೂತು ತಮ್ಮ ಊರಿನ ಸುದ್ದಿ ಹೇಳುತ್ತಿದ್ದರು. ಜರ್ಮನಿಯ ದಕ್ಷಿಣಕ್ಕೆ, ಗುಡ್ಡಗಳ ನಡುವಿನ ಸಣ್ಣ ಊರು. ಸುದ್ದಿ ಎಲ್ಲಿ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅಲ್ಲಿಯ ಕಪ್ಪು ಬಿಯರಿಗೆ. ಆ ಊರಿನಲ್ಲಿ ಬಿಯರ್ ಮಾಡುವ ಹಕ್ಕು ಮನುಷ್ಯರಿಗಲ್ಲ, ಮನೆಗಳಿಗೆ ಅಂತೆ. ಮನೆ ಕೊಂಡವನಿಗೆ ಹಕ್ಕೂ ಬರುತ್ತದೆ. ಊರಿಗೆಲ್ಲ ಸೇರಿ ಒಂದೇ ಕುದಿಸುವ ಮನೆ, ಒಂದೇ ದೊಡ್ಡ ತಾಮ್ರದ ಕೊಪ್ಪರಿಗೆ. ಸರದಿ ಬಂದ ಮನೆಯವರು ತಮ್ಮ ಬಾರ್ಲಿ, ತಮ್ಮ ಕಟ್ಟಿಗೆ ಹೊತ್ತುಕೊಂಡು ಹೋಗಿ ಕುದಿಸಿ ತರುತ್ತಾರೆ. ಯಾರ ಮನೆಯಲ್ಲಿ ಬಿಯರ್ ಸಿದ್ಧವಾಯಿತೋ ಆ ಮನೆಯ ಮುಂದೆ ಒಂದು ಗುರುತು ನೇತು ಹಾಕುತ್ತಾರೆ, ಊರವರು ಅಲ್ಲಿಗೆ ಹೋಗಿ ಕುಡಿಯುತ್ತಾರೆ. ಬಸದಿಯ ಪೂಜೆಯ ಸರದಿ ನಮ್ಮಲ್ಲೂ ಮನೆಮನೆಗೆ ಬರುತ್ತಿದ್ದುದರಿಂದ ಅತ್ತೆಗೆ ಈ ಏರ್ಪಾಡು ಮೆಚ್ಚಿಗೆಯಾಯಿತು. ಆ ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದದ್ದು ಏನೆಂದು ಮಾತ್ರ ನಮ್ಮವರು ಅವರಿಗೆ ಬಿಡಿಸಿ ಹೇಳಲಿಲ್ಲ. ಗಂಜಿಯ ಹಾಗೆ ಏನೋ ಎಂದು ತೇಲಿಸಿದರು. ಮಾಸ್ತರ ಜಾಣತನ.

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬೆಂಕಿಯ ಬಿಸಿಯಲ್ಲಿ ಕಂದುವ ತನಕ ಒಣಗಿಸುತ್ತಾರೆ, ಆ ಬಣ್ಣವೇ ಬಿಯರಿಗೆ ಇಳಿಯುತ್ತದೆ. ಹಳದಿ ಬಿಯರ್ ಎಲ್ಲ ನಿನ್ನೆ ಮೊನ್ನೆಯದು, ನಮ್ಮ ಅಜ್ಜಂದಿರು ಕುಡಿದದ್ದು ಕಪ್ಪನ್ನೇ ಎಂದು ಪಂಡಿತರು ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದರು. ಕುದಿಸಿದ ಮೇಲೆ ಅದು ಮಲಗಬೇಕು. ಬಂಡೆ ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ, ಚಳಿಗಾಲದಲ್ಲಿ ಕೆರೆಯಿಂದ ಕೊಯ್ದು ತಂದ ಮಂಜುಗಡ್ಡೆಯ ನಡುವೆ, ತಿಂಗಳುಗಟ್ಟಲೆ ಮಲಗಬೇಕು. ಲಾಗರ್ ಎಂದರೆ ಅವರ ಭಾಷೆಯಲ್ಲಿ ಉಗ್ರಾಣ, ಉಗ್ರಾಣದಲ್ಲಿ ಮಲಗಿ ಎದ್ದ ಬಿಯರಿಗೂ ಅದೇ ಹೆಸರು. ಅವರಲ್ಲಿ ಅದನ್ನು ಕುಡಿಯುವ ರೊಟ್ಟಿ ಎನ್ನುತ್ತಾರಂತೆ. ಮಠದ ಸನ್ಯಾಸಿಗಳು ಉಪವಾಸದ ದಿನಗಳಲ್ಲಿ ಅದನ್ನೇ ಕುಡಿದುಕೊಂಡು ಇರುತ್ತಿದ್ದರಂತೆ. ಆ ಮಾತು ಕೇಳಿದ ರಾತ್ರಿ ನಮ್ಮವರಿಗೆ ನಗು ತಡೆಯಲಾಗಲಿಲ್ಲ. ಬಿಸಿನೀರನ್ನೂ ಲೆಕ್ಕ ಹಾಕಿ ಕುಡಿಯುವ ಉಪವಾಸ ನಮ್ಮದು.

ಆ ಏಪ್ರಿಲಿನಲ್ಲಿ ಮಂಗಳೂರಿನ ಬಂದರಿಗೆ ಒಂದು ಜರ್ಮನ್ ಹಡಗು ಬಂತು. ಅದರಲ್ಲಿ ಪಂಡಿತರ ಚಿಕ್ಕಪ್ಪನ ಮಗ ಕೆಲಸಕ್ಕಿದ್ದ. ಪಂಡಿತರು ಹೋಗಿ ಅವನನ್ನು ಕಂಡು, ಬಂಟ್ವಾಳದಲ್ಲಿ ಒಂದು ಬಸದಿ ನೋಡಿಕೊಂಡು, ಚೀಲದಲ್ಲಿ ಆರು ಬಾಟಲಿ ತಂದರು. ವಿದೇಶದವರಿಗೆ ಕೊಡುವ ಪರವಾನಿಗೆ ಅವರಲ್ಲಿತ್ತು, ಸೇತುವೆಯ ಹತ್ತಿರ ಪೊಲೀಸರು ಕಾಗದ ನೋಡಿ ಸಲಾಮು ಹೊಡೆದು ಬಿಟ್ಟರು. ಮರುದಿನ ಶಾಲೆ ಬಿಟ್ಟು ಹೋದ ನಮ್ಮವರ ಕೈಗೆ ಪಂಡಿತರು ಎರಡು ಬಾಟಲಿ ಇಟ್ಟರು. ತಮ್ಮ ಮನೆಯ ಸರದಿಯಲ್ಲಿ ಕುದಿಸಿದ್ದು, ಮೊದಲ ಪಾಲು ವಿದ್ಯೆ ಕೊಟ್ಟವರಿಗೆ ಸಲ್ಲಬೇಕೆಂಬುದು ತಮ್ಮ ಮನೆಯ ಪದ್ಧತಿ ಎಂದರು. ಕಣ್ಣಲ್ಲಿ ನೀರಿತ್ತಂತೆ. ನಮ್ಮವರು ದಾಕ್ಷಿಣ್ಯದ ಮುದ್ದೆ. ಬೇಡ ಎನ್ನಲಾರದೆ ಎರಡನ್ನೂ ಕೊಡೆಯ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದರು. ಪಂಡಿತರು ಮರುದಿನ ಬೆಳಿಗ್ಗೆಯೇ ವೇಣೂರು, ಬೆಳ್ತಂಗಡಿಯ ಕಡೆ ಶಾಸನ ನೋಡಲಿಕ್ಕೆಂದು ಹತ್ತು ದಿನಕ್ಕೆ ಹೊರಟುಹೋದರು.

ಬಾಟಲಿಗಳನ್ನು ಕಂಡದ್ದೇ ನಾನು ಕಿಟಕಿ ಮುಚ್ಚಿದೆ. ದಪ್ಪ ಕಂದು ಗಾಜು. ಬಾಯಿಗೆ ಬಿಳಿ ಪಿಂಗಾಣಿಯ ಬಿರಡೆ, ಅದನ್ನು ಬಿಗಿದು ಹಿಡಿದ ತಂತಿ.

"ಈಗಲೇ ತೆಂಗಿನ ಬುಡಕ್ಕೆ ಚೆಲ್ಲುವ" ಎಂದೆ.

"ಚೆಲ್ಲುವುದು ಹೇಗೆ ಮಾರಾಯ್ತಿ? ಅದು ಜೀವಂತ ಉಂಟಂತೆ. ಹುಳಿ ಬರಿಸುವ ಜೀವಗಳು ಒಳಗೇ ಉಂಟು, ಸೋಸಲಿಲ್ಲ ಅಂತ ಅವರೇ ಹೇಳಿದ್ರು" ಎಂದರು.

ಹೊರಗಿನವರಿಗೆ ಇದು ತಮಾಷೆಯಾಗಿ ಕಾಣಬಹುದು. ನಮ್ಮಲ್ಲಿ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದರೆ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಇಳಿಸಬೇಕು. ಬೇರೆ ಬಾವಿಗೆ ಹಾಕಿದರೂ ಹಿಂಸೆ. ಹುಟ್ಟಿದಾರಭ್ಯ ದಿನಕ್ಕೆ ಎರಡು ಸಲ ಹಾಗೆ ಮಾಡಿದ ಕೈಗಳು ನಮ್ಮವು. ಲಕ್ಷ ಲಕ್ಷ ಜೀವಗಳನ್ನು ಏಪ್ರಿಲಿನ ಕಾದ ಮಣ್ಣಿಗೆ ಸುರಿಯುವುದು ಹೇಗೆ? ಅವು ಬಂದ ನೀರೋ ಜರ್ಮನಿಯಲ್ಲಿತ್ತು. ಕುಡಿಯುವ ಹಾಗಿಲ್ಲ, ಚೆಲ್ಲುವ ಹಾಗಿಲ್ಲ, ಇಟ್ಟುಕೊಂಡರೆ ಜೈಲು. ಪಂಡಿತರು ಹಿಂದಿರುಗಿದ ಕೂಡಲೇ ನಿಜ ಹೇಳಿ ವಾಪಸು ಕೊಡುವುದು, ಅಲ್ಲಿಯ ತನಕ ಅಡಗಿಸುವುದು ಎಂದು ತೀರ್ಮಾನವಾಯಿತು.

ಅತ್ತೆಗೆ ಹೇಳಬಾರದು ಎಂಬುದೂ ತೀರ್ಮಾನವಾಯಿತು. ಬೈಯುತ್ತಾರೆ ಎಂದಲ್ಲ. ಅತ್ತೆ ಸುಳ್ಳು ಹೇಳುವವರಲ್ಲ. ಸತ್ಯದ ವ್ರತ ಹಿಡಿದವರು ಊರಲ್ಲಿ ಬಹಳ ಜನ ಇದ್ದರು, ಅತ್ತೆಯಷ್ಟು ನಿಷ್ಠುರವಾಗಿ ನಡೆಸಿದವರನ್ನು ನಾನು ಕಂಡಿಲ್ಲ. ತಮ್ಮ ಸ್ವಂತ ತಂಗಿಯ ಮಗಳನ್ನು ನೋಡಲು ಬಂದ ಗಂಡಿನ ಕಡೆಯವರು ಕೇಳಿದಾಗ, ಹುಡುಗಿಗೆ ಎಡಗಿವಿ ಕೇಳಿಸುವುದಿಲ್ಲ ಎಂದುಬಿಟ್ಟಿದ್ದರು. ಸಂಬಂಧ ಮುರಿಯಿತು, ತಂಗಿ ಎರಡು ವರ್ಷ ಮಾತು ಬಿಟ್ಟಳು. ತುಪ್ಪದ ವ್ಯಾಪಾರಿಗಳು ನಮ್ಮ ಮನೆಯ ಮುಂದೆ ಬರುವಾಗ ಹೆಜ್ಜೆ ಜೋರು ಮಾಡುತ್ತಿದ್ದರು, ಅತ್ತೆ ರುಚಿ ನೋಡಿ ಏನಂದರೂ ಬೀದಿಗೆಲ್ಲ ಅದೇ ಮಾತು. ಅವರಿಗೆ ಗೊತ್ತಾಗಿ, ಯಾರಾದರೂ ಅಪ್ಪಿತಪ್ಪಿ ಕೇಳಿದರೆ ನಮ್ಮವರ ಕೆಲಸ ಹೋಯಿತೆಂದೇ ಅರ್ಥ.

ಅಡಗಿಸುವ ಕೆಲಸ ನನ್ನ ಪಾಲಿಗೆ ಬಂತು. ಅಡುಗೆಮನೆ, ಉಗ್ರಾಣ, ದೇವರ ಕೋಣೆ ಎಲ್ಲ ಅತ್ತೆಯ ರಾಜ್ಯ. ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಇತ್ತು. ಅದರ ಹಿಂದೆ ಉರಿಸಲಿಕ್ಕೆಂದು ಉಮಿಯ ರಾಶಿ. ಅದು ಮಲಗುವುದು ಕತ್ತಲಲ್ಲಿ ಎಂದು ಪಂಡಿತರು ಹೇಳಿದ್ದು ನನ್ನ ತಲೆಯಲ್ಲಿತ್ತು. ಉಮಿಯನ್ನು ಬಗೆದು, ತಳದ ಕತ್ತಲಲ್ಲಿ ಎರಡನ್ನೂ ಮಲಗಿಸಿ ಮುಚ್ಚಿದೆ. ಕತ್ತಲು ನೆನಪಿತ್ತು, ಮಂಜುಗಡ್ಡೆ ಮರೆತುಹೋಗಿತ್ತು. ಗಡಿಬಿಡಿಯ ಬುದ್ಧಿ ಅಷ್ಟೇ ದೂರ ಓಡುತ್ತದೆ.

ಅಂದಿನಿಂದ ನಿದ್ದೆ ಇಲ್ಲ. ಬೀದಿಯಲ್ಲಿ ಬೂಟಿನ ಸದ್ದಾದರೆ ಓಡಿಹೋಗಿ ಬಚ್ಚಲುಮನೆಯ ಬಾಗಿಲು ಎಳೆದು ಬರುತ್ತಿದ್ದೆ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಶಿರ್ತಾಡಿಯವನ ಕಟ್ಟಿದ ಕೈಗಳು ಕಣ್ಣೆದುರು ಬಂದಾಗಲೆಲ್ಲ ಆ ಕೈಗಳಲ್ಲಿ ಸೀಮೆಸುಣ್ಣದ ಪುಡಿ ಕಾಣುತ್ತಿತ್ತು. ಮಾಸ್ತರನ್ನು ಮಕ್ಕಳ ಎದುರಿಗೇ ನಡೆಸಿಕೊಂಡು ಹೋದರೆ ಅವರು ಮತ್ತೆ ಬದುಕುವ ಜಾತಿಯವರಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಯೂ ಆ ವಾರ ಯಾಕೋ ಮಂಕಾಗಿದ್ದರು. ನೆರೆಮನೆಗಳಿಗೆ ಹೋಗಲಿಲ್ಲ, ಯಾರಾದರೂ ಬಂದರೆ ಜಪಕ್ಕೆ ಕೂತುಬಿಡುತ್ತಿದ್ದರು. ಸೆಖೆಗೆ ಹೀಗಾಗಿದೆ ಎಂದುಕೊಂಡೆ.

ಮೂರನೆಯ ದಿನ ಹೆಡ್ ಕಾನ್‌ಸ್ಟೇಬಲ್ ಬಂದರು. ವಿದೇಶದವರು ಠಾಣೆಗೆ ತಿಳಿಸದೆ ಊರು ಬಿಡಬಾರದಂತೆ, ಪಂಡಿತರು ಎಲ್ಲಿಗೆ ಹೋದರು, ಯಾವಾಗ ಬರುತ್ತಾರೆ ಎಂದು ಕೇಳಲಿಕ್ಕೆ ಬಂದದ್ದು. ನಮ್ಮವರು ಗೊತ್ತಿದ್ದಷ್ಟು ಹೇಳಿದರು. ಬರವಣಿಗೆಯಲ್ಲಿ ಬೇಕು, ಮತ್ತೊಮ್ಮೆ ಬರುತ್ತೇನೆ ಎಂದು ಅವರು ಎದ್ದರು. ಮತ್ತೊಮ್ಮೆ ಎಂಬ ಆ ಮಾತನ್ನು ಹಿಡಿದುಕೊಂಡು ನಾನು ಮೂರು ದಿನ ಸತ್ತೆ.

ಆರನೆಯ ದಿನ ಸಂಜೆ ಐದಕ್ಕೆ ಬಂದೇ ಬಂದರು. ಅತ್ತೆ ಚಾವಡಿಯ ಕಂಬಕ್ಕೆ ಒರಗಿ ಹೂಬತ್ತಿ ಹೊಸೆಯುತ್ತಿದ್ದರು. ನಮ್ಮವರು ಕಾಗದ ಬರೆಯಲು ಕೂತರು. ನಾನು ಬೆಲ್ಲ, ನೀರು ತಂದಿಟ್ಟು ಒಳಬಾಗಿಲಲ್ಲಿ ನಿಂತೆ. ಊಟಕ್ಕೆ ಮೊದಲು ಸ್ನಾನವಾಗಬೇಕೆಂದು ಹಂಡೆಗೆ ಉರಿ ಹಾಕಿ ಬಂದಿದ್ದೆ. ಕಾಗದ ಅರ್ಧ ಆಗಿರಬಹುದು. ಬಚ್ಚಲುಮನೆಯಿಂದ ಢಮಾರ್ ಎಂದು ಸದ್ದು ಬಂತು. ಜಾತ್ರೆಯಲ್ಲಿ ಮದ್ದು ತುಂಬಿ ಹಾರಿಸುವ ಕದನಿ ಮನೆಯೊಳಗೇ ಸಿಡಿದ ಹಾಗೆ. ಆಮೇಲೆ ಗಾಜಿನ ಚೂರುಗಳು ಹಂಡೆಗೆ ತಾಗಿದ ಸಣ್ಣ ಸದ್ದು.

ಅಷ್ಟರಲ್ಲಿ ವಾಸನೆ ಬಂತು. ಹುರಿದ ಧಾನ್ಯ, ಸ್ವಲ್ಪ ಸೀದ ಬೆಲ್ಲ, ಅದರ ಹಿಂದೆ ಹುಳಿ. ಹೇಳಬಾರದು, ಕೆಟ್ಟ ವಾಸನೆಯಲ್ಲ. ಕಾನ್‌ಸ್ಟೇಬಲರ ಮೂಗು ಅಗಲವಾದದ್ದನ್ನು ನಾನು ನೋಡಿದೆ. ಹತ್ತು ವರ್ಷದಿಂದ ಸೇತುವೆಯಲ್ಲಿ ಚೀಲ ಮೂಸಿದ ಮೂಗು ಅದು. ನಮ್ಮವರ ಕೈಯ ಲೇಖನಿಯಿಂದ ಒಂದು ದೊಡ್ಡ ಶಾಯಿಯ ಹನಿ ಕಾಗದದ ಮೇಲೆ ಬಿತ್ತು.

ಕಾನ್‌ಸ್ಟೇಬಲರು ನಮ್ಮಿಬ್ಬರನ್ನು ನೋಡಲೇ ಇಲ್ಲ. ನೇರ ಅತ್ತೆಯ ಕಡೆಗೆ ತಿರುಗಿದರು. ಕೇಳಬೇಕಾದ್ದು ಯಾರನ್ನು ಎಂದು ಅವರಿಗೂ ಗೊತ್ತಿತ್ತು.

"ಅಮ್ಮಾ, ಅದೆಂತದು?"

ಅತ್ತೆ ಹೊಸೆಯುತ್ತಿದ್ದ ಬತ್ತಿಯನ್ನು ಮುಗಿಸಿ ತಟ್ಟೆಗೆ ಹಾಕಿದರು. "ನನ್ನದು. ಮಂಡಿ ನೋವಿಗೆ ಹಚ್ಚಲಿಕ್ಕೆ ಪಂಡಿತರ ಹತ್ತಿರ ಕೇಳಿ ತರಿಸಿದ್ದು. ಇವರಿಬ್ಬರಿಗೂ ಗೊತ್ತಿಲ್ಲ."

ಸ್ವರ ನಡುಗಲಿಲ್ಲ. ಕಾನ್‌ಸ್ಟೇಬಲರು ಎದ್ದರು. ಟೊಪ್ಪಿ ಎತ್ತಿಕೊಂಡರು.

"ನೀವು ಹೇಳಿದ ಮೇಲೆ ಮುಗಿಯಿತು ಅಮ್ಮಾ. ನೀವು ಸುಳ್ಳು ಹೇಳುವವರಲ್ಲ, ಇಡೀ ಊರಿಗೆ ಗೊತ್ತುಂಟು. ಆದ್ರೆ ಇನ್ನು ಮನೆಯಲ್ಲಿ ಇಡಬೇಡಿ."

ಹೋದರು. ಶಾಯಿ ಬಿದ್ದ ಕಾಗದವನ್ನೂ ಮಡಚಿ ಜೇಬಿಗೆ ಹಾಕಿಕೊಂಡು ಹೋದರು. ನಮ್ಮವರು ಚಾವಡಿಯಿಂದ ಇಳಿದು ಅತ್ತೆಯ ಕಾಲ ಬಳಿ ಕೂತು, ಎಳೆಯ ಮಗುವಿನ ಹಾಗೆ ಅತ್ತರು. ನನಗೆ ಅಳು ಬರಲಿಲ್ಲ. ಬದುಕಿದೆವು ಎಂಬ ಸಂತೋಷವೇ ಮೊದಲು ಬಂದದ್ದು, ಅದನ್ನು ಮುಚ್ಚಿಡುವುದು ಈಗ ಯಾಕೆ? ಅತ್ತೆ ಮಾತ್ರ ಮಗನ ತಲೆ ಮುಟ್ಟಲಿಲ್ಲ. ಇನ್ನೊಂದು ಎಲ್ಲಿ ಎಂದು ನನ್ನನ್ನು ಕೇಳಿದರು. ಎರಡಿದ್ದವೆಂದು ನಾನು ಹೇಳಿರಲೇ ಇಲ್ಲ.

ಉಳಿದ ಬಾಟಲಿಯನ್ನು ಅವರೇ ಉಮಿಯಿಂದ ತೆಗೆದರು. ಮಡಿ ಸೀರೆಯ ಸೆರಗಿನಲ್ಲಿ ಹಿಡಿದು ಬಾವಿಕಟ್ಟೆಗೆ ಒಯ್ದು, ನೆರಳಿನ ಕಲ್ಲಿನ ಮರಿಗೆಯಲ್ಲಿ ತಣ್ಣೀರು ತುಂಬಿಸಿ ಮುಳುಗಿಸಿಟ್ಟರು. ಒಳಗಿನ ಜೀವಗಳು ಬೇಯಬಾರದು. ಮುಂದಿನ ನಾಲ್ಕು ದಿನ ಗಂಟೆಗೊಮ್ಮೆ ಹೋಗಿ ನೀರು ಬದಲಿಸುತ್ತಿದ್ದರು. ಮರಿಗೆಯ ಮೇಲೆ ಒಂದು ಹಲಗೆ ಮುಚ್ಚಿ, ಅದರ ಮೇಲೆ ತೊಳೆದ ಪಾತ್ರೆ ಕವುಚಿಡುತ್ತಿದ್ದರು. ಆ ನಾಲ್ಕು ದಿನ ಬಸದಿಗೆ ಹೋದ ಹೊತ್ತೊಂದನ್ನು ಬಿಟ್ಟರೆ ನಾನು ಬಾವಿಕಟ್ಟೆಯಿಂದ ಕದಲಲಿಲ್ಲ, ಹೆದರಿಕೆ ಬಚ್ಚಲುಮನೆಯಿಂದ ಅಲ್ಲಿಗೆ ವರ್ಗವಾಗಿತ್ತು ಅಷ್ಟೇ.

ಪಂಡಿತರು ಬಂದ ದಿನ ನಮ್ಮವರು ಎಲ್ಲವನ್ನೂ ಹೇಳಿದರು. ಬಿಸಿಲಿಗೆ ಕೆಂಪಾಗಿದ್ದ ಅವರ ಮುಖ ಸುಣ್ಣದಂತಾಯಿತು. ಅಷ್ಟೆಲ್ಲ ಓದಿಯೂ ತಿಳಿಯಲಿಲ್ಲ ನನಗೆ ಎಂದು ಅತ್ತೆಯ ಎದುರು ಕೈಮುಗಿದು ನಿಂತರು. ಅತ್ತೆ ಅವರಿಗೆ ಮಣೆ ಹಾಕಿಸಿ, ಒಂದೇ ಪ್ರಶ್ನೆ ಕೇಳಿದರು. ಒಡೆದದ್ದರಲ್ಲಿ ಎಷ್ಟು ಜೀವ ಇತ್ತು? ಎಣಿಸಲಾಗದಷ್ಟು ಎಂದರು ಪಂಡಿತರು, ಮೆಲ್ಲಗೆ. ಅತ್ತೆ ಸರಿ ಎಂದು ಒಳಗೆ ಹೋದರು. ಉಳಿದ ಬಾಟಲಿಯನ್ನು ಪಂಡಿತರು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಅದನ್ನು ಕುಡಿದರೋ, ಊರಿಗೆ ಒಯ್ದರೋ, ನಾವು ಕೇಳಲಿಲ್ಲ. ಊರಿಗೆ ಹೋದ ಮೇಲೆ ವರ್ಷಕ್ಕೊಂದು ಕಾಗದ ಬರೆಯುತ್ತಿದ್ದರು. ಬಿಯರಿನ ಸುದ್ದಿ ಒಂದರಲ್ಲೂ ಇರಲಿಲ್ಲ.

ಒಂದು ಮಾತು ಮೊದಲೇ ಹೇಳಬೇಕಿತ್ತು. ಮಧ್ಯಾಹ್ನದ ಹೊತ್ತು ಬಸದಿಯ ಜಗಲಿಯಲ್ಲಿ ಹೆಂಗಸರು ಸೇರುತ್ತಿದ್ದರು, ಅತ್ತೆ ಪುರಾಣ ಓದಿ ಅರ್ಥ ಹೇಳುತ್ತಿದ್ದರು. ಹದಿನಾರನೆಯ ವಯಸ್ಸಿನಲ್ಲಿ ವಿಧವೆಯಾದವರು, ನಮ್ಮವರು ಆಗ ಅವರ ಹೊಟ್ಟೆಯಲ್ಲಿ. ಜೀವನದಲ್ಲಿ ಅವರಿಗೆಂದು ಇದ್ದ ಸುಖ ಆ ಒಂದು ಗಂಟೆ. ಕಾನ್‌ಸ್ಟೇಬಲರು ಬಂದುಹೋದ ಮರುದಿನ ನನ್ನನ್ನೂ ಕರೆದುಕೊಂಡು ಹೋದರು. ಹೆಂಗಸರೆಲ್ಲ ಕೂತ ಮೇಲೆ ಪುಸ್ತಕದ ವ್ಯಾಸಪೀಠವನ್ನು ನನ್ನ ಮುಂದಕ್ಕೆ ಸರಿಸಿ, ಇನ್ನು ಇವಳು ಓದುತ್ತಾಳೆ, ನನ್ನ ಕಣ್ಣು... ಎಂದು ಏನೋ ಹೇಳಹೊರಟು, ಅಲ್ಲಿಗೇ ನಿಲ್ಲಿಸಿದರು. ಕಣ್ಣಿಗೆ ಏನೂ ಆಗಿರಲಿಲ್ಲ. ಎದ್ದು ಹೋಗಿ ಹಿಂದಿನ ಸಾಲಿನಲ್ಲಿ ಕೂತರು.

ಮನೆಗೆ ಬರುವ ದಾರಿಯಲ್ಲಿ ನಾನು ತಡೆಯಲಾರದೆ ಹೇಳಿದೆ. ತಪ್ಪು ನನ್ನದು, ಒಲೆಯ ಹಿಂದೆ ಇಟ್ಟವಳು ನಾನು. ನೀವು ಆಡಿದ್ದು ಒಂದು ಮಾತು, ಮಗನನ್ನು ಉಳಿಸಲಿಕ್ಕೆ ಬಾಯಿಂದ ಜಾರಿದ್ದು. ತಿಳಿದವರನ್ನು ಕೇಳಿ ಎರಡು ಉಪವಾಸ ಮಾಡಿದರೆ ಕಳೆಯುತ್ತದೆ, ಓದುವುದನ್ನು ಬಿಡುವುದು ಯಾಕೆ?

ಅತ್ತೆ ನಿಂತರು. ನನ್ನನ್ನು ನೋಡಲಿಲ್ಲ.

"ಜಾರಿದ್ದಲ್ಲ ಮಗಾ. ನೀವಿಬ್ಬರು ಮಾತಾಡಿದ್ದು ಕೇಳಿತ್ತು, ನೀನು ಉಮಿ ಬಗೆದದ್ದನ್ನೂ ನಾನು ಅವತ್ತೇ ಕಂಡಿದ್ದೆ. ಯಾರಾದ್ರೂ ಕೇಳಿದ್ರೆ ಏನು ಹೇಳುವುದು ಅಂತ ಆರು ದಿನ ಕೂತು ಕಟ್ಟಿದ್ದೇನೆ. ಮೊದಲು ಹೊಟ್ಟೆನೋವಿಗೆ ಅಂತ ಇಟ್ಟೆ, ಅದು ಸರಿಯಾಗಲಿಲ್ಲ. ಆಮೇಲೆ ಮಂಡಿಗೆ ಅಂತ ಮಾಡಿದೆ. ಜಪಕ್ಕೆ ಕೂತಾಗ್ಲೂ ಅದೇ."

ಜಪದ ಮಣೆಯ ಮೇಲೆ ಕಣ್ಣು ಮುಚ್ಚಿ ಕೂತವರನ್ನು ಆ ವಾರವೆಲ್ಲ ನೋಡಿ, ಇವರಿಗಾದರೂ ನೆಮ್ಮದಿ ಇದೆ ಎಂದು ಹೊಟ್ಟೆಕಿಚ್ಚುಪಟ್ಟವಳು ನಾನು.

ನಮ್ಮವರ ಕೆಲಸ ಖಾಯಂ ಆಯಿತು, ಅವರು ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದರು. ಅತ್ತೆ ಅದಾದ ಮೇಲೆ ಒಂಬತ್ತು ವರ್ಷ ಇದ್ದರು. ಆ ಒಂಬತ್ತು ವರ್ಷವೂ ಬಸದಿಯಲ್ಲಿ ಓದಿದ್ದು ನಾನೇ. ಅವರು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ನಾನು ಹಳೆಗನ್ನಡದಲ್ಲಿ ಹಿಂದೆ, ಎಷ್ಟೋ ಕಡೆ ತಪ್ಪು ಓದುತ್ತಿದ್ದೆ, ಅರ್ಥ ತಪ್ಪು ಹೇಳುತ್ತಿದ್ದೆ. ಇಡೀ ಪುರಾಣ ಬಾಯಿಪಾಠ ಇದ್ದ ಅವರು ಒಂದು ದಿನವೂ ತಿದ್ದಲಿಲ್ಲ.